'ರಮ್ಮೇಜ್ ನಿಲ್' ಅಂದರೆ ಏನು? ಅಜ್ಜನ ಡೈರಿ ಓದಲು ಬಂದರಿನ ಕೆಲಸ ಗೊತ್ತಿರುವವರು ಬೇಕು

ಬೆಟಗೇರಿ ಮಗ್ಗ (ಗದಗ) ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಬಂದರು, ಹಡಗು, ಕಸ್ಟಮ್ಸ್ ಕೆಲಸ ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳ ಮಳೆಗೆ ನಮ್ಮ ಬೆಟಗೇರಿ ಮನೆಯ ಮಾಳಿಗೆ ಸೋರಿತು. ಅಟ್ಟದ ಸಾಮಾನೆಲ್ಲ ಕೆಳಗಿಳಿಸುವಾಗ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಅಜ್ಜ ಅಂದರೆ ನನ್ನ ತಾಯಿಯ ತಂದೆ. ಕಸ್ಟಮ್ಸ್ ಇಲಾಖೆಯಲ್ಲಿದ್ದರು. 1951ರಲ್ಲಿ ಗೋವಾ ಗಡಿಯ ಕ್ಯಾಸಲ್‌ರಾಕ್‌ನಲ್ಲಿ ಗುಮಾಸ್ತರಾಗಿ ಸೇರಿದರು. 1955ರ ಕೊನೆಗೆ ಕಾರವಾರಕ್ಕೆ ವರ್ಗವಾಯಿತು. 1962ರಲ್ಲಿ ಮರ್ಮಗೋವಾ ಬಂದರಿಗೆ ಹೋದರು. ಮುಂದೆ ಪ್ರಿವೆಂಟಿವ್ ಆಫೀಸರ್ (ಕಳ್ಳಸಾಗಣೆ ತಡೆಯುವ ಅಧಿಕಾರಿ) ಆಗಿ, 1987ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ನನಗೆ ನೆನಪಿರುವುದು ಅವರ ಎಲೆ ಅಡಿಕೆ ಚೀಲ ಮತ್ತು ಕೆಮ್ಮು, ಅಷ್ಟೇ. ಕೆಲಸದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲವಂತೆ.

ಟ್ರಂಕಿನಲ್ಲಿ ಇದ್ದದ್ದು ಇಷ್ಟು. ಹಿತ್ತಾಳೆ ಗುಂಡಿ ಇರುವ ಒಂದು ಬಿಳಿ ಅಂಗಿ. ಒಂದು ದಪ್ಪ ಇಕ್ಕಳ, ಅದರ ಬಾಯಿಯಲ್ಲಿ ರೂಪಾಯಿಗಿಂತ ಚಿಕ್ಕದಾದ ದುಂಡನೆಯ ಅಚ್ಚು. ತಂಬಾಕಿನ ಡಬ್ಬಿ ತುಂಬ ಸೀಸದ ಗುಂಡುಗಳು, ಪ್ರತಿಯೊಂದಕ್ಕೂ ಎರಡು ತೂತು. ಹಲ್ಲಿನ ಡಾಕ್ಟರ ಹತ್ತಿರ ಇರುತ್ತಲ್ಲ, ಅಂಥ ಕನ್ನಡಿ, ಆದರೆ ಹಿಡಿ ಒಂದೂವರೆ ಮೊಳ ಉದ್ದ. ಮೊನೆ ಚೂಪಾದ ಒಂದು ಕಬ್ಬಿಣದ ಕಡ್ಡಿ. ಮತ್ತು 11 ಪಾಕೆಟ್ ಡೈರಿಗಳು.

ಡೈರಿಯಲ್ಲಿ ಕನ್ನಡ ಇದೆ, ಆದರೆ ನನಗೆ ಅರ್ಥವಾಗುವ ಕನ್ನಡವಲ್ಲ. ಒಂದು ಪುಟ ಹಾಗೇ ಬರೆಯುತ್ತೇನೆ: "ರಾತ್ರಿ 11-40 ಲಾಂಚ್. ಮಳೆ. ಏಣಿ ಜಾರು. ಸ್ಟೋರ್ ಸೀಲ್ 3. ಎಂಜಿನ್ ರೂಮ್ ಬೆಳಗಿನ 5ರ ತನಕ. ರಮ್ಮೇಜ್ ನಿಲ್." ಪುಟ ಪುಟವೂ ಹೀಗೇ. ಕೊನೆಗೆ ರಮ್ಮೇಜ್ ನಿಲ್, ರಮ್ಮೇಜ್ ನಿಲ್. ಒಂದು ವರ್ಷದ ಡೈರಿಯಲ್ಲಿ ನಾನೇ ಕೂತು ಎಣಿಸಿದೆ, 61 ಸಲ ಇದೆ. ನಿಲ್ ಅಂದರೆ ಏನೂ ಸಿಗಲಿಲ್ಲ ಅಂತ ತಾನೇ? ಹಾಗಾದರೆ ಅಷ್ಟು ರಾತ್ರಿ ಅವರು ಮಾಡಿದ್ದೇನು?

ಇನ್ನೊಂದು ಕೇಳಲೇಬೇಕು. 14-3-74ರಲ್ಲಿ ಹೀಗಿದೆ: "ಅಡುಗೆಯವನ ಪೆಟ್ಟಿಗೆ ನೋಡಿದೆ. ಬಿಟ್ಟೆ." ಈ 'ಬಿಟ್ಟೆ' ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ಓಣಿಯಲ್ಲಿ ನಮ್ಮನ್ನು 'ಸುಂಕದವರ ಮನೆ' ಅಂತಲೇ ಕರೆಯುತ್ತಿದ್ದರು. ಅವ್ವನ ಮದುವೆಯಲ್ಲಿ ನಾಲ್ಕು ಬಳೆ ಹಾಕಿದ್ದಕ್ಕೇ ಬಂದರಿನ ಬಂಗಾರ ಅಂತ ಆಡಿಕೊಂಡರಂತೆ. ಅಜ್ಜ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದರಂತೆ. ಅವ್ವ ಇವತ್ತಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಬಲ್ಲವರು ಇದ್ದದ್ದು ಇದ್ದ ಹಾಗೆ ಹೇಳಿ. ಏನಿದ್ದರೂ ಕೇಳಲು ತಯಾರಿದ್ದೇನೆ.

ಆ ಇಕ್ಕಳ ಮನೆಯಲ್ಲಿ ಇಟ್ಟುಕೊಳ್ಳಬಹುದಾ ಅನ್ನುವುದನ್ನೂ ಹೇಳಿ. ಸರ್ಕಾರದ ಸಾಮಾನು ಅಲ್ವಾ ಅಂತ ಭಯ.

ಮಾಳಮಡ್ಡಿ ಹಿರಿಯ (ಧಾರವಾಡ) ಉತ್ತರ:

ತಂಗಿ, ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ನಾನು 1971ರಲ್ಲಿ ಸೇರಿ 2009ರಲ್ಲಿ ನಿವೃತ್ತನಾದೆ. ಬಹಳಷ್ಟು ವರ್ಷ ಬಂದರಿನಲ್ಲೇ ಕಳೆದೆ, ಅದೂ ಅದೇ ಬಿಳಿ ಬಟ್ಟೆಯಲ್ಲಿ. ನಿಮ್ಮ ಅಜ್ಜನ ಪರಿಚಯ ನನಗಿಲ್ಲ. ಆದರೆ ಆ ಡೈರಿಯ ಒಂದೊಂದು ಶಬ್ದವೂ ಗೊತ್ತು.

ಮೊದಲು 'ನಿಲ್' ನೋಡೋಣ. ಹೊರದೇಶದಿಂದ ಹಡಗು ಬಂದರೆ ಯಾರೂ ಹಾಗೇ ಇಳಿಯುವಂತಿಲ್ಲ, ಸಾಮಾನೂ ಇಳಿಸುವಂತಿಲ್ಲ. ಮೊದಲು ಕಸ್ಟಮ್ಸ್‌ನವರು ಹತ್ತಬೇಕು. ಹಡಗು ದೂರದಲ್ಲಿ ಲಂಗರು ಹಾಕಿದ್ದರೆ ಲಾಂಚಿನಲ್ಲಿ, ಅಂದರೆ ಸಣ್ಣ ಮೋಟಾರು ದೋಣಿಯಲ್ಲಿ, ಹೋಗುತ್ತೇವೆ. ಲಾಂಚು ಅಲೆಗೆ ಏಳುತ್ತದೆ, ಇಳಿಯುತ್ತದೆ. ಹಡಗಿನ ಪಕ್ಕಕ್ಕೆ ಹಗ್ಗದ ಏಣಿ ಬಿಟ್ಟಿರುತ್ತಾರೆ. ಲಾಂಚು ಅಲೆಯ ತುದಿಗೆ ಬಂದ ಕ್ಷಣದಲ್ಲೇ ಏಣಿ ಹಿಡಿಯಬೇಕು. ಇಳಿಯುವಾಗ ಹಿಡಿದರೆ ಅದೇ ಲಾಂಚು ಮುಂದಿನ ಅಲೆಗೆ ಮೇಲೆದ್ದು ಕಾಲಿಗೆ ಬಡಿಯುತ್ತದೆ. "ಮಳೆ. ಏಣಿ ಜಾರು" ಅಂತ ಅವರು ಬರೆದ ಮೂರು ಶಬ್ದದಲ್ಲಿ ಇದೆಲ್ಲ ಇದೆ.

ಮೇಲೆ ಹತ್ತಿದ ಮೇಲೆ ಕ್ಯಾಪ್ಟನ್ ಹತ್ತಿರ ಕಾಗದ. ಯಾವ ಸಾಮಾನು ಎಷ್ಟು ಅನ್ನುವ ಮ್ಯಾನಿಫೆಸ್ಟ್, ಹಡಗಿನ ಸ್ಟೋರಿನ ಪಟ್ಟಿ, ಸಿಬ್ಬಂದಿಯ ಸ್ವಂತ ಸಾಮಾನಿನ ಪಟ್ಟಿ. ಹಡಗಿನಲ್ಲಿ ಸುಂಕ ಕಟ್ಟದ ಸಾರಾಯಿ, ಸಿಗರೇಟು ಇರುತ್ತದೆ. ಸಮುದ್ರದಲ್ಲಿ ಅವರು ಬಳಸಬಹುದು, ಬಂದರಿನಲ್ಲಿ ನಿಂತಷ್ಟು ದಿನ ಬೀಗ ಹಾಕಿ ಸೀಲ್ ಮಾಡಬೇಕು. ನಿಮ್ಮ ಡಬ್ಬಿಯ ಸೀಸದ ಗುಂಡು ಅದಕ್ಕೇ. ಬೀಗದ ಕೊಂಡಿಗೆ ತಂತಿ ಸುತ್ತಿ, ತುದಿ ಎರಡನ್ನೂ ಗುಂಡಿನ ತೂತಿಗೆ ಸೇರಿಸಿ, ಇಕ್ಕಳದಿಂದ ಒತ್ತಿಬಿಟ್ಟರೆ ಅಚ್ಚು ಮೂಡುತ್ತದೆ. ಆಮೇಲೆ ಅದನ್ನು ಮುರಿಯದೆ ಬಾಗಿಲು ತೆಗೆಯಲು ಆಗುವುದಿಲ್ಲ. ಸೀಲ್ 3 ಅಂದರೆ ಮೂರು ಬಾಗಿಲು.

ಇನ್ನು ರಮ್ಮೇಜ್. ಹಡಗನ್ನು ಮೂಲೆ ಮೂಲೆ ತಡಕಾಡುವುದಕ್ಕೆ ಆ ಹೆಸರು. ಎಂಜಿನ್ ರೂಮು ಮನೆಯ ಕೋಣೆಯಂತಲ್ಲ, ಮೂರು ನಾಲ್ಕು ಅಂತಸ್ತಿನ ಬಾವಿ ಇದ್ದ ಹಾಗೆ. ಒಳಗೆ ಬೆವರು ಒರೆಸಿಕೊಂಡಷ್ಟೂ ಇಳಿಯುವ ಸೆಖೆ. ಕಾಲ ಕೆಳಗೆ ಕಬ್ಬಿಣದ ಹಲಗೆ, ಅದರ ಕೆಳಗೆ ಎಣ್ಣೆ ನೀರು ನಿಂತ ಗುಂಡಿ. ಆ ಹಲಗೆ ಎತ್ತಿ ಇಳಿಯಬೇಕು. ಪೈಪಿನ ಹಿಂದೆ ತಲೆ ಹೋಗುವುದಿಲ್ಲ, ಕನ್ನಡಿ ಹೋಗುತ್ತದೆ. ಒಂದು ಕೈಯಲ್ಲಿ ಬ್ಯಾಟರಿ, ಒಂದು ಕೈಯಲ್ಲಿ ಆ ಕನ್ನಡಿ. ಚೂಪು ಕಡ್ಡಿ ಮೂಟೆಗೆ ಚುಚ್ಚಿ ನೋಡುವುದಕ್ಕೆ. ಗಾಳಿ ಕೊಳವೆ, ಲಂಗರಿನ ಸರಪಳಿ ಕೋಣೆ, ಬಣ್ಣದ ಡಬ್ಬಿಗಳ ಕೋಣೆ, ಜೀವರಕ್ಷಕ ದೋಣಿ, ಬೆಂಕಿ ಆರಿಸುವ ಸಿಲಿಂಡರು, ಮಲಗುವ ಕೋಣೆಯ ಹಲಗೆ ಗೋಡೆ, ಎಲ್ಲ ನೋಡಬೇಕು. ಹಿರಿಯರು ನನಗೆ ಮೊದಲ ವಾರ ಹೇಳಿಕೊಟ್ಟದ್ದು ಒಂದೇ. ಸಾಮಾನು ಹುಡುಕಬೇಡ, ಹೊಸದು ಹುಡುಕು ಅಂತ. ಹಳೇ ಗೋಡೆಯಲ್ಲಿ ಒಂದೇ ಹಲಗೆಗೆ ಹೊಸ ಬಣ್ಣ ಯಾಕೆ? ತುಕ್ಕು ಹಿಡಿದ ಆರು ಸ್ಕ್ರೂ ನಡುವೆ ಎರಡರ ತಲೆ ಮಾತ್ರ ಯಾಕೆ ಹೊಳೆಯುತ್ತಿದೆ?

ಆಗ ಹುಡುಕುತ್ತಿದ್ದದ್ದು ಜಾಸ್ತಿ ಬಂಗಾರ, ವಾಚು, ಟ್ರಾನ್ಸಿಸ್ಟರು. 1968ರ ಬಂಗಾರ ನಿಯಂತ್ರಣ ಕಾಯ್ದೆ 1990ರವರೆಗೆ ಇತ್ತು. ಹೊರಗಿನ ದರಕ್ಕೂ ನಮ್ಮ ದರಕ್ಕೂ ದೊಡ್ಡ ಅಂತರ. 10 ತೊಲೆಯ ಬಿಸ್ಕೀಟು ಅಂದರೆ 116 ಗ್ರಾಂ ಚಿಲ್ಲರೆ, ಬೆಂಕಿಪೆಟ್ಟಿಗೆಯಷ್ಟೂ ಜಾಗ ಬೇಡ. ಹಡಗಿನಷ್ಟು ದೊಡ್ಡ ಜಾಗದಲ್ಲಿ ಅಷ್ಟು ಸಣ್ಣದನ್ನು ಹುಡುಕಬೇಕು.

ಐದಾರು ತಾಸು ಹೀಗೆ ತೆವಳಿ, ಏನೂ ಸಿಗದೆ, ಕೈ ತೊಳೆದು ಬರೆಯುವುದು 'ನಿಲ್'. ಅದು 'ಏನೂ ಸಿಗಲಿಲ್ಲ' ಅನ್ನುವ ಬೇಸರದ ಮಾತಲ್ಲ ತಂಗಿ. 'ಇಲ್ಲಿ ಏನೂ ಇಲ್ಲ, ನಾನು ನೋಡಿದ್ದೇನೆ' ಅನ್ನುವ ಸಹಿ. ನಾಳೆ ಅದೇ ಹಡಗಿನಲ್ಲಿ ಏನಾದರೂ ಸಿಕ್ಕರೆ ಉತ್ತರ ಕೊಡಬೇಕಾದವನು ಆ ಸಹಿ ಹಾಕಿದವನೇ.

ಇದನ್ನು ನಾನು ಕೆಟ್ಟ ದಾರಿಯಲ್ಲಿ ಕಲಿತೆ. ಊರು, ಹಡಗು ಯಾವುದೆಂದು ಹೇಳುವುದಿಲ್ಲ. ಸೇರಿ ನಾಲ್ಕನೇ ವರ್ಷ. ಮೈಯಲ್ಲಿ ಜ್ವರವಿತ್ತು. ಎರಡು ಟ್ಯಾಂಕಿನ ನಡುವಿನ ಇಕ್ಕಟ್ಟಿನಲ್ಲಿ ಇಳಿಯದೆ, ಮೇಲಿನಿಂದಲೇ ಬ್ಯಾಟರಿ ಬಿಟ್ಟು ನೋಡಿ 'ನಿಲ್' ಬರೆದೆ. ಎಂಟು ದಿನಕ್ಕೆ ಮುಂದಿನ ಬಂದರಿನಲ್ಲಿ ಅದೇ ಇಕ್ಕಟ್ಟಿನಿಂದ ಬಿಸ್ಕೀಟು ತೆಗೆದರು. ನನ್ನ ಮೇಲಿನವರು ಬೈಯಲಿಲ್ಲ. ನನ್ನ ವರದಿಯನ್ನು ಮೇಜಿನ ಮೇಲೆ ಇಟ್ಟು, ಆ ಶಬ್ದದ ಮೇಲೆ ಬೆರಳಿಟ್ಟು, ಇಳಿದಿದ್ದೆಯಾ ಅಂತ ಕೇಳಿದರು. ಇಲ್ಲ ಸರ್ ಅಂದೆ. ಆ ಬೆರಳು ಇವತ್ತಿಗೂ ಕಣ್ಣ ಮುಂದಿದೆ. ಅವತ್ತಿನಿಂದ ನಿವೃತ್ತಿಯವರೆಗೆ, ಇಳಿಯದ ಜಾಗಕ್ಕೆ ನಿಲ್ ಬರೆಯಲಿಲ್ಲ. ನಿಮ್ಮ ಅಜ್ಜ 61 ಸಲ ಬರೆದಿದ್ದಾರೆ ಅಂದಿರಿ. "ಎಂಜಿನ್ ರೂಮ್ ಬೆಳಗಿನ 5ರ ತನಕ" ಅಂತಲೂ ಬರೆದಿದ್ದಾರಲ್ಲ, ಅದನ್ನು ಬಿಡದೆ ಓದಿ.

ಈಗ ಆ 'ಬಿಟ್ಟೆ'. ಇದು ನಮ್ಮ ಕಚೇರಿಯ ಮಾತು. ಪಾಸ್ ಮಾಡಿದೆ ಅನ್ನುವುದನ್ನು ಕನ್ನಡದವರು ನಮ್ಮ ನಮ್ಮಲ್ಲಿ ಬಿಟ್ಟೆ ಅನ್ನುತ್ತಿದ್ದೆವು. ನಾವಿಕ ತನ್ನ ಸ್ವಂತ ಸಾಮಾನಿನ ಪಟ್ಟಿ ಕೊಡುತ್ತಾನೆ. ಪೆಟ್ಟಿಗೆ ಬಿಚ್ಚಿ, ಪಟ್ಟಿಯೊಂದಿಗೆ ತಾಳೆ ನೋಡಿ, ಬಟ್ಟೆಬರೆ, ಮಕ್ಕಳ ಆಟಿಕೆ, ನಿಯಮದೊಳಗಿನ ಸಾಮಾನು ಇದ್ದರೆ ಬಿಡಬೇಕು. ಹಾಗೆ ಬಿಡುವ ಅಧಿಕಾರವೂ ನಮ್ಮದು, ಹೊಣೆಯೂ ನಮ್ಮದು. ಆ ಸಾಲನ್ನು ಇನ್ನೊಮ್ಮೆ ಓದಿ. 'ಬಿಟ್ಟೆ'ಗೆ ಮುಂಚೆ 'ನೋಡಿದೆ' ಇದೆ. ಲಂಚ ತಿಂದವನು ತಾರೀಕು ಹಾಕಿ, ಯಾರ ಪೆಟ್ಟಿಗೆ ಅಂತ ಹೇಳಿ, ತನ್ನ ಕೈಯಿಂದ ಬರೆದು 13 ವರ್ಷ ಇಟ್ಟುಕೊಂಡು ಮನೆಗೆ ತರುವುದಿಲ್ಲ. ನಾನು ಅವತ್ತು ಅಲ್ಲಿರಲಿಲ್ಲ. ಇಲಾಖೆಯಲ್ಲಿ ಕೆಟ್ಟವರೇ ಇರಲಿಲ್ಲ ಅಂತಲೂ ಹೇಳುವುದಿಲ್ಲ, ಇದ್ದರು. ಆದರೆ ಇದು ಅಂಥವರ ಬರಹವಲ್ಲ.

ಡೈರಿಯಲ್ಲಿ "ಡ್ರಾಫ್ಟ್" ಅಂತ ಎಲ್ಲಾದರೂ ಇದೆಯಾ ನೋಡಿ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅನ್ನುವ ಅಳತೆ ಅದು. ಇದ್ದರೆ ಪಕ್ಕದಲ್ಲಿ ಆರು ಅಂಕಿ ಇರಬೇಕು. ನಿಮ್ಮ ಗದಗಕ್ಕೂ ಅದಕ್ಕೂ ಸಂಬಂಧವಿದೆ. ಹೊಸಪೇಟೆ ಕಡೆಯ ಅದಿರು ಮೀಟರ್‌ಗೇಜಿನಲ್ಲಿ ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ಘಟ್ಟ ಇಳಿದು ಮರ್ಮಗೋವಾಕ್ಕೆ ಬರುತ್ತಿತ್ತು. ಆ ಕೆಂಪು ಧೂಳು ನಮ್ಮ ಬಿಳಿ ಬಟ್ಟೆಯ ಕಾಲರಿಗೆ ಹತ್ತಿದರೆ ಬಿಡುತ್ತಿರಲಿಲ್ಲ. ಅಷ್ಟು ಅದಿರನ್ನು ತಕ್ಕಡಿಯಲ್ಲಿ ತೂಗಲು ಆಗುತ್ತದೆಯೇ? ಹಡಗನ್ನೇ ತಕ್ಕಡಿ ಮಾಡುತ್ತಾರೆ. ಮುಂದೆ, ನಡುವೆ, ಹಿಂದೆ, ಎಡಕ್ಕೂ ಬಲಕ್ಕೂ ಹಡಗಿನ ಮೈಮೇಲೆ ಅಳತೆಯ ಗುರುತು ಇರುತ್ತವೆ. ತುಂಬುವ ಮುಂಚೆ ಎಷ್ಟು ಮುಳುಗಿತ್ತು, ತುಂಬಿದ ಮೇಲೆ ಎಷ್ಟು ಮುಳುಗಿತು, ಅದರಿಂದ ತೂಕ. ನೀರಿನ ಸಾಂದ್ರತೆಯನ್ನೂ ಅಳೆಯಬೇಕು, ನದಿ ಬಾಯಲ್ಲಿ ಸಿಹಿನೀರು ಬೆರೆತಿರುತ್ತದಲ್ಲ. ಸರ್ವೇಯರ್ ಓದುತ್ತಾರೆ, ನಾವು ಜೊತೆಗೆ ನಿಂತು ನೋಡುತ್ತೇವೆ. ದೊಡ್ಡ ಹಡಗಿನಲ್ಲಿ ಒಂದು ಸೆಂಟಿಮೀಟರ್ ತಪ್ಪು ಓದಿದರೆ 40-50 ಟನ್ ತಪ್ಪುತ್ತದೆ. ಅಲೆ ಏಳುವಾಗ ಒಂದು ಅಂಕಿ, ಇಳಿಯುವಾಗ ಒಂದು ಅಂಕಿ. ದೋಣಿಯಲ್ಲಿ ಕೂತು, ಕಣ್ಣು ಕೀಳದೆ, ನೀರು ಒಂದು ಗಳಿಗೆ ನಿಲ್ಲುವುದನ್ನು ಕಾಯಬೇಕು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಆ ಕಾಯುವಿಕೆ.

ಇಕ್ಕಳದ ಬಗ್ಗೆ. ಅದು ವಾಪಸ್ ಕೊಡಬೇಕಾದ ಸಾಮಾನೇ. ಆದರೆ ನಮ್ಮಲ್ಲಿ ಹಳೇ ಇಕ್ಕಳ ಕೈಬಿಡುವಾಗ ಅಚ್ಚಿನ ಮುಖಕ್ಕೆ ಉಳಿಯಿಂದ ಗೀರು ಹಾಕುತ್ತಿದ್ದೆವು, ಮತ್ತೆ ಯಾರೂ ಬಳಸಬಾರದು ಅಂತ. ಅಚ್ಚಿನಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತದೆ, ಬರಿಗಣ್ಣಿಗೆ ತಿಳಿಯುವುದಿಲ್ಲ. ಹಿಟ್ಟಿನ ಮೇಲೆ ಒತ್ತಿ ನೋಡಿ. ಜೋಳದ ಹಿಟ್ಟು ಬೇಡ, ಬಿರುಕು ಬಿಡುತ್ತದೆ. ಹೋಳಿಗೆಗೆ ಕಲಸುವ ಕಣಕ ತೆಗೆದುಕೊಳ್ಳಿ. ಗೀರು ಕಂಡರೆ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ಕಾಣದಿದ್ದರೆ ಹತ್ತಿರದ ಕಸ್ಟಮ್ಸ್ ಕಚೇರಿಗೆ ಒಂದು ಪತ್ರ ಬರೆದು ಕೊಟ್ಟುಬಿಡಿ.

ಅಡತಿ ಅಂಗಡಿ (ಹುಬ್ಬಳ್ಳಿ) ಉತ್ತರ:

ಹಿರಿಯರು ಬರೆದ ಮೇಲೆ ನಾನು ಹೇಳುವುದು ಸ್ವಲ್ಪವೇ. ಅಜ್ಜ 1951ರಲ್ಲಿ ಕ್ಯಾಸಲ್‌ರಾಕ್‌ಗೆ ಯಾಕೆ ಸೇರಿದರು, 1955ರಲ್ಲಿ ಅಲ್ಲಿಂದ ಯಾಕೆ ಎದ್ದರು, ಅದರ ಹಿನ್ನೆಲೆ ಗೊತ್ತಿದೆ.

ನಮ್ಮದು ನಾಲ್ಕು ತಲೆಮಾರಿನ ಹತ್ತಿ ಅಡತಿ. ಮನೆಯಲ್ಲಿ ಉಳಿದಿರುವ ಅತಿ ಹಳೇ ಕೀರ್ದಿ ಪುಸ್ತಕದಲ್ಲಿ "ಕುಮಟಾ ಬಂದರ ಖರ್ಚು" ಅಂತಲೇ ಒಂದು ಬಾಬತ್ತು ಇದೆ. ಚಕ್ಕಡಿ ಬಾಡಿಗೆ, ಹಮಾಲಿ, ಮಚವೆ (ಹಾಯಿದೋಣಿ) ಬಾಡಿಗೆ, ಅದರ ಕೆಳಗೆ ಬಂದರದ ಸುಂಕದವರ ಕಟ್ಟೆಯಲ್ಲಿ ಕೊಟ್ಟದ್ದು. ಧಾರವಾಡ, ಗದಗ ಸೀಮೆಯ ಹತ್ತಿ ಅಂಡಿಗೆಗಳು ಚಕ್ಕಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದವು. ಅಲ್ಲಿಂದ ಮುಂಬೈ, ಮುಂಬೈನಿಂದ ಲಿವರ್‌ಪೂಲ್. ಬೆಳೆದದ್ದು ನಮ್ಮ ಎರೆಭೂಮಿಯಲ್ಲಿ, ಲಿವರ್‌ಪೂಲ್ ಪೇಟೆಯಲ್ಲಿ ಅದರ ಹೆಸರು ಮಾತ್ರ 'ಕುಮಟಾ'. ಸಾಮಾನು ಕೊನೆಗೆ ಯಾವ ಬಂದರಿನ ಕಟ್ಟೆಯಿಂದ ಹೊರಟಿತೋ ಆ ಹೆಸರೇ ಉಳಿಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ನಿಂತಿತು, ನಮ್ಮ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಕಾರವಾರವನ್ನು ನಮ್ಮ ಹತ್ತಿಯ ಬಂದರು ಮಾಡಬೇಕು ಅನ್ನುವುದು ಅದಕ್ಕೆ ದೊಡ್ಡ ಕಾರಣ. ದರ ಏರಿದಾಗ ಮೋಸವೂ ಏರುತ್ತದೆ ಅಲ್ವಾ? ಅಂಡಿಗೆಯಲ್ಲಿ ಬೀಜ, ಮಣ್ಣು ಬೆರೆಸುವುದು, ತೂಕ ಬರಲಿ ಅಂತ ನೀರು ಚಿಮುಕಿಸುವುದು. ಅದನ್ನು ತಡೆಯಲು 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆ ಕಾಯ್ದೆಯನ್ನೇ ತಂದಿತು. ತಪಾಸಣೆಗೆ ಬೇರೆ ಇನ್‌ಸ್ಪೆಕ್ಟರು ಬಂದರು.

ಕಾರವಾರದ ದೆಸೆ ಬದಲಾಗಿದ್ದು ರೈಲಿನಿಂದ. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬೇಕು ಅಂತ ಅವತ್ತೇ ಮಾತಿತ್ತು. ಆಗಲಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಆಗಿಲ್ಲ, ಬರೆಯುವಾಗ ಹೊಟ್ಟೆ ಉರಿಯುತ್ತದೆ. ಬದಲಿಗೆ 1878ರಲ್ಲಿ ಇಂಗ್ಲಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. ಗೋವಾ ಗಡಿಯ ಸುಂಕ ತೆಗೆದರು, ಗೋವಾದ ಉಪ್ಪು ತಮ್ಮ ಕೈಗೆ ತೆಗೆದುಕೊಂಡು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡುವುದು ಅಂತ ಆಯಿತು, ಮರ್ಮಗೋವಾದಿಂದ ರೈಲು ಹಾಕಿದರು. 1888ರ ಹೊತ್ತಿಗೆ ಆ ರೈಲು ಘಟ್ಟ ಹತ್ತಿತು. ನಮ್ಮ ಹತ್ತಿ ಚಕ್ಕಡಿ ಬಿಟ್ಟು ರೈಲು ಹತ್ತಿತು, ಕಾರವಾರದ ವ್ಯಾಪಾರ ಸೊರಗಿತು. ಒಪ್ಪಂದ 1892ರಲ್ಲಿ ಮುಗಿಯಿತು, ಗಡಿಯಲ್ಲಿ ಸುಂಕ ಮತ್ತೆ ಬಂತು.

ಅದಕ್ಕೇ ಕ್ಯಾಸಲ್‌ರಾಕ್ ಅನ್ನುವ ಕಾಡಿನ ಸ್ಟೇಷನ್ನು ಬಂದರಿನ ಬಾಗಿಲಾಯಿತು. ಆ ಕಡೆ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ, ಈ ಕಡೆ ಕ್ಯಾಸಲ್‌ರಾಕ್‌ನಲ್ಲಿ ನಮ್ಮವರದ್ದು. ನಮ್ಮ ಅಜ್ಜಿಗೆ ಮಡಗಾಂವಿನಲ್ಲಿ ಬಳಗವಿತ್ತು. ಬರುವಾಗ ಎರಡೂ ಕಡೆ ಟ್ರಂಕು ಇಳಿಸಿ, ಬಿಚ್ಚಿ, ಮತ್ತೆ ಕಟ್ಟಬೇಕಿತ್ತು ಅಂತ ಹೇಳುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಕ್ಯಾಸಲ್‌ರಾಕ್‌ನ ಒಬ್ಬ ಗುಮಾಸ್ತರು ಅಜ್ಜಿಯ ಸೀರೆ ನೆನೆಯಬಾರದು ಅಂತ ತಮ್ಮ ಕೊಡೆಯನ್ನು ಟ್ರಂಕಿನ ಮೇಲೆ ಹಿಡಿದು ನಿಂತು, ತಾವು ಪೂರ್ತಿ ನೆಂದರಂತೆ. ಗದಗಿನ ಕಡೆಯ ಮಾತು ಅಂತ ಅಜ್ಜಿ ಹೇಳಿದ್ದು ನೆನಪಿದೆ. ನಿಮ್ಮ ಅಜ್ಜನೇ ಅಂತ ನಾನು ಹೇಳಲಾರೆ. ಬರೆಯದೆ ಇರಲೂ ಆಗಲಿಲ್ಲ.

1955ರ ಆಗಸ್ಟ್ 15ರಂದು ಗೋವಾ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆಮೇಲೆ ನಮ್ಮ ಸರ್ಕಾರ ಗೋವಾ ರೈಲು ನಿಲ್ಲಿಸಿತು. ರೈಲೇ ಇಲ್ಲದ ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಏನು ಕೆಲಸ? ಅದಕ್ಕೇ ಕಾರವಾರ. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ, 1962ಕ್ಕೆ ಮರ್ಮಗೋವಾ. ಅಜ್ಜನ ವರ್ಗಾವಣೆ ಕಾಗದದಲ್ಲಿ ಈ ಸೀಮೆಯ ಚರಿತ್ರೆಯೇ ಇದೆ.

ಹಾವೇರಿ ಮೇಷ್ಟ್ರು ಉತ್ತರ:

'ಸುಂಕದವರ ಮನೆ' ಅನ್ನುವ ಮಾತಿಗೆ ನೊಂದುಕೊಳ್ಳಬೇಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆ, ನಿಜ. ಆದರೆ 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬರಿದ್ದರು. ಕಾಯಕವೇ ಸುಂಕ ವಸೂಲಿ. ಅವರ ವಚನಗಳು ಇವತ್ತಿಗೂ ಉಳಿದಿವೆ. ಶರಣರು ಕಾಯಕ ಮಾಡುವವನನ್ನು ನೋಡಿದರು, ಕಾಯಕದ ಹೆಸರು ನೋಡಿ ದೂರ ಇಡಲಿಲ್ಲ.

ನಮ್ಮ ಸೀಮೆಯ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಸುಂಕದ ಬಗೆಗಳು ಮತ್ತೆ ಮತ್ತೆ ಬರುತ್ತವೆ. ಅದರ ಅಧಿಕಾರಿ ಸುಂಕವೆರ್ಗಡೆ. ಹೆಜ್ಜುಂಕ ಅಂದರೆ ಹಿರಿದಾದ ಸುಂಕ. ಸಣ್ಣಪುಟ್ಟ ಸುಂಕಕ್ಕೆ ಆಗಿನ ಹೆಸರು ಕಿರುಕುಳ. ಆ ಶಬ್ದ ಇವತ್ತು ನಮ್ಮ ಬಾಯಲ್ಲಿ ಯಾವ ಅರ್ಥಕ್ಕೆ ಬಂದು ನಿಂತಿದೆ ನೋಡಿ. ಜನರ ಸಿಟ್ಟು ಸುಳ್ಳಲ್ಲ, ಅದಕ್ಕೂ ಸಾವಿರ ವರ್ಷದ ವಯಸ್ಸಿದೆ. ಎರಡನ್ನೂ ಒಟ್ಟಿಗೆ ನೆನೆಯಬೇಕು ಅನ್ನಿಸುತ್ತದೆ ನನಗೆ.

ಮತ್ತೊಂದು ವಿಷಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದ ಕಟ್ಟೆಯಲ್ಲಿ ನಾಲ್ಕೈದು ಜನ ಕೂತು, ವ್ಯಾಪಾರಿ ಯಾರು, ಎಲ್ಲಿಂದ ಬಂದ, ಎಷ್ಟು ಸರಕು, ಮುದ್ರೆ ಎಲ್ಲಿ ಬಿತ್ತು ಅಂತ ಬರೆದುಕೊಳ್ಳಬೇಕು ಅಂತಿದೆ. ಕಳ್ಳಮುದ್ರೆಗೆ ಸುಂಕದ ಎಂಟು ಪಟ್ಟು ದಂಡ. ನಿಮ್ಮ ಮನೆಯ ಇಕ್ಕಳದ ಮುತ್ತಜ್ಜ ಅಲ್ಲಿದ್ದಾನೆ. ಬಿರುಗಾಳಿಗೆ ಸಿಕ್ಕಿ ಬಂದರಿಗೆ ಬಂದ ಹಡಗನ್ನು ಅಧಿಕಾರಿ ತಂದೆಯ ಹಾಗೆ ನೋಡಿಕೊಳ್ಳಬೇಕು, ನೀರು ಬಿದ್ದು ಕೆಟ್ಟ ಸರಕಿಗೆ ಸುಂಕ ಬಿಡಬೇಕು ಇಲ್ಲವೇ ಅರ್ಧ ಮಾಡಬೇಕು ಅಂತಲೂ ಇದೆ. ತಂದೆಯ ಹಾಗೆ ಅನ್ನುವ ಶಬ್ದ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ಮಾಳಮಡ್ಡಿ ಹಿರಿಯ:

ಮೇಷ್ಟ್ರೇ, ಆ ನಿಯಮ ಈಗಲೂ ಜೀವಂತ ಇದೆ. 1878ರ ಸಮುದ್ರ ಸುಂಕ ಕಾಯ್ದೆಯ ಜಾಗಕ್ಕೆ 1962ರ ಕಸ್ಟಮ್ಸ್ ಕಾಯ್ದೆ ಬಂತು, 1963ರ ಫೆಬ್ರವರಿ 1ರಿಂದ ಜಾರಿ. ಅದರ 22ನೇ ಕಲಮಿನಲ್ಲಿ ದಾರಿಯಲ್ಲಿ ಕೆಟ್ಟ ಸರಕಿಗೆ ಸುಂಕ ಇಳಿಸಬೇಕು ಅಂತಿದೆ. ನೆಂದ ಮೂಟೆಗಳ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ ವ್ಯಾಪಾರಿಗಳನ್ನು ಬಹಳ ಕಂಡಿದ್ದೇನೆ. ಕಲಮು ಅವರಿಗೆ ಗೊತ್ತಿರುವುದಿಲ್ಲ. ನಾವಾಗಿಯೇ ಹೇಳಬೇಕು. ಹೇಳಿದವರೂ ಇದ್ದರು, ಹೇಳದವರೂ ಇದ್ದರು.

ಬ್ಯಾಡಗಿ ಕೆಂಪು (ಹಾವೇರಿ ಜಿಲ್ಲೆ):

ನಾನು ಮೆಣಸಿನಕಾಯಿ ರಫ್ತಿನ ಲೆಕ್ಕಪತ್ರ ನೋಡುತ್ತೇನೆ. ಈಗ ಕಂಟೇನರ್ ನಮ್ಮ ಗೋದಾಮಿನಲ್ಲೇ ತುಂಬುತ್ತದೆ, ಸೀಲೂ ನಾವೇ ಹಾಕುತ್ತೇವೆ. 2017ರಿಂದ ಅದು ಎಲೆಕ್ಟ್ರಾನಿಕ್ ಸೀಲು. ಬಂದರಿನ ಗೇಟಿನಲ್ಲಿ ಯಂತ್ರ ಓದಿದರೆ ಯಾವ ಶಿಪ್ಪಿಂಗ್ ಬಿಲ್ (ರಫ್ತಿನ ಕಾಗದ), ಯಾವಾಗ ಮುಚ್ಚಿದ್ದು, ಎಲ್ಲ ತೆರೆಯ ಮೇಲೆ ಬರುತ್ತದೆ. ಯಾವ ಕಂಟೇನರ್ ಬಿಚ್ಚಿ ನೋಡಬೇಕು ಅಂತ ಕಂಪ್ಯೂಟರೇ ಆರಿಸುತ್ತದೆ. ಕೆಲಸ ಬೇಗ ಆಗುತ್ತದೆ, ನಮಗೆ ಬಹಳ ಅನುಕೂಲ. ಆದರೆ ಈ ಎಳೆ ಓದುವ ತನಕ, ಆ ಸೀಲಿನ ಹಿಂದೆ ಒಂದು ಕಾಲದಲ್ಲಿ ಒಬ್ಬ ಮನುಷ್ಯನ ಕೈ ಇತ್ತು ಅಂತ ಯೋಚನೆಯೇ ಬಂದಿರಲಿಲ್ಲ. ತಂಗಿ, ಆ ಸೀಸದ ಗುಂಡಿನ ಒಂದು ಫೋಟೋ ಹಾಕುತ್ತೀರಾ?

ಬೆಟಗೇರಿ ಮಗ್ಗ (ಗದಗ):

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನ ಏನೂ ಬರೆಯಲು ಆಗಲಿಲ್ಲ. ಅವ್ವನಿಗೆ ಕಣ್ಣು ಮಂದ. ಹಾಗಾಗಿ ನಿಮ್ಮ ಉತ್ತರಗಳನ್ನು ನಾನೇ ಓದಿ ಹೇಳಿದೆ. ಕೊಡೆಯ ವಿಷಯ ಎರಡು ಸಲ ಓದಿಸಿದರು. ಈ ಸಲ ಎದ್ದು ಒಳಗೆ ಹೋಗಲಿಲ್ಲ.

ಹಿರಿಯರೇ, ಡ್ರಾಫ್ಟ್ ಸಿಕ್ಕಿತು. ನೀವು ಹೇಳಿದ ಹಾಗೇ ಪಕ್ಕದಲ್ಲಿ ಆರು ಅಂಕಿ. ಒಂದು ಪುಟದಲ್ಲಿ ಐದನೇ ಅಂಕಿಯನ್ನು ಹೊಡೆದುಹಾಕಿ, "ಅಲೆ. ಮತ್ತೆ ನೋಡಿದೆ" ಅಂತ ಬರೆದು ಹೊಸ ಅಂಕಿ ಹಾಕಿದ್ದಾರೆ.

ನಿನ್ನೆ ಅಮಾವಾಸ್ಯೆಗೆ ಹೋಳಿಗೆ ಇತ್ತು. ಅವ್ವನೇ ಕಣಕದ ಒಂದು ಉಂಡೆ ತೆಗೆದು ತಟ್ಟಿ ಕೊಟ್ಟರು. ಇಕ್ಕಳಕ್ಕೆ ಸ್ವಲ್ಪ ಎಣ್ಣೆ ಸವರಿ ಒತ್ತಿದೆ. ಸುತ್ತ ಇಂಗ್ಲಿಷಿನಲ್ಲಿ ಕಸ್ಟಮ್ಸ್ ಅನ್ನುವ ಅಕ್ಷರ, ನಡುವೆ 9. ಮೇಲಿನಿಂದ ಕೆಳಕ್ಕೆ ಓರೆಯಾಗಿ ಒಂದು ಗೀರು ಚೊಕ್ಕಟವಾಗಿ ಮೂಡಿದೆ. ಆಗ ನೆನಪಾಯಿತು. 1987ರ ಡೈರಿಯ ಕೊನೆಯ ಬರಹ ನನಗೆ ಅರ್ಥವಾಗದೆ ಬಿಟ್ಟಿದ್ದೆ: "9 ಒಪ್ಪಿಸಿದೆ. ಮುಖ ಕೆಡಿಸಿ ನನಗೇ ಕೊಟ್ಟರು."

ಬ್ಯಾಡಗಿಯವರೇ, ಫೋಟೋ ಹಾಕುತ್ತೇನೆ. ಕಣಕದ ಮೇಲಿನ ಅಚ್ಚಿನ ಫೋಟೋವನ್ನೂ ಹಾಕುತ್ತೇನೆ. ಅವ್ವ ಆ ಉಂಡೆಯನ್ನು ಹೋಳಿಗೆಗೆ ಬಳಸಲಿಲ್ಲ. ಸಣ್ಣ ತಟ್ಟೆಯಲ್ಲಿ ಕಿಟಕಿಯ ಹತ್ತಿರ ಒಣಗಲು ಇಟ್ಟಿದ್ದಾರೆ, ಇರುವೆ ಮುತ್ತಬಾರದು ಅಂತ ಸುತ್ತ ಅರಿಶಿನ ಹಾಕಿ.